ಮೂರನೆಯ ಮಾತು

ಒಂದು ಶಸ್ತ್ರಚಿಕಿತ್ಸೆಯನ್ನು ತುಂಡು ಮಾಡಿ ಹಂಚಿಕೊಳ್ಳುವ ಹಾಗಿದ್ದರೆ? ಹೊಟ್ಟೆಗೆ ದಾರಿ ಮಾಡುವವರು ಒಬ್ಬರು, ಒಳಗಿನ ಕೆಲಸ ಮಾಡುವವರು ಇನ್ನೊಬ್ಬರು, ಹೊಲಿಗೆ ಹಾಕುವವರು ಮತ್ತೊಬ್ಬರು. ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕೂತು, ತಮಗೆ ಬಿಡುವಿದ್ದ ಹೊತ್ತಿನಲ್ಲಿ. ಈ ಪ್ರಶ್ನೆಯನ್ನು ಮೊದಲು ಕೇಳಿದವರು ಯಾರೋ ಎಂಜಿನಿಯರುಗಳು. ಆಗಲೇಬೇಕು, ನಾಳೆಯೇ ಆಗಬೇಕು ಎಂದು ಹಟ ಹಿಡಿದವರು ನಾವು, ಮಕ್ಕಳನ್ನು ಹೆತ್ತು ಕತ್ತರಿ ಕೆಳಗಿಟ್ಟ ಹೆಣ್ಣು ಸರ್ಜನ್ನರು. ಆ ಹಟದಲ್ಲಿ ನನ್ನ ಪಾಲು ದೊಡ್ಡದು. ಆದ್ದರಿಂದ ಇದನ್ನು ನಾನೇ ಹೇಳಬೇಕು.

ನನ್ನ ಹೆಸರು ರಂಜಿತಾ ಹೊಂಬಳ. ಊರು ಹುಬ್ಬಳ್ಳಿ. ಹನ್ನೊಂದು ವರ್ಷ ಓದಿ ಸರ್ಜನ್ ಆದೆ, ಎರಡೇ ವರ್ಷ ಸರ್ಜನ್ ಆಗಿದ್ದೆ. ಮಗಳು ಇಂಪನಾ ಹುಟ್ಟಿದಾಗ ನನ್ನ ಗಂಡ ವೀರೇಶ ರೈಲಿನ ಲೋಕೊ ಪೈಲಟ್ ಆಗಿ ವಾರದಲ್ಲಿ ನಾಲ್ಕು ದಿನ ಗೂಡ್ಸ್ ಗಾಡಿಯ ಮೇಲೆ ಇರುತ್ತಿದ್ದ. ನಾನಿದ್ದ ಆಸ್ಪತ್ರೆಯ ಹಿರಿಯರು, ಮಗು ದೊಡ್ಡದಾದ ಮೇಲೆ ಬಾರಮ್ಮ, ಕೆಲಸ ಎಲ್ಲಿ ಓಡಿ ಹೋಗುತ್ತದೆ ಎಂದು ನಗುನಗುತ್ತಲೇ ಕಳಿಸಿದರು. ಮೂರು ವರ್ಷ ನಾನು ಮನೆಯಲ್ಲಿ ಬದನೆಕಾಯಿ ಹೆಚ್ಚಿದೆ. ತುಂಬ ಚೆನ್ನಾಗಿ ಹೆಚ್ಚುತ್ತಿದ್ದೆ, ಒಂದೊಂದು ಹೋಳೂ ಒಂದೇ ಅಳತೆ. ಹೆಚ್ಚುವಾಗ ಕೆಲವು ಸಲ ಅಳು ಬರುತ್ತಿತ್ತು. ಈರುಳ್ಳಿ ಇಲ್ಲದಿದ್ದರಿಂದ ನೆಪ ಹೇಳಲೂ ಆಗುತ್ತಿರಲಿಲ್ಲ.

ಆಮೇಲೆ ಸರದಿ ಬಂತು. ಯೋಜನೆಯ ಹೆಸರೇ ಅದು, ಸರದಿ. ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ನಾಲ್ಕು ಯಂತ್ರದ ತೋಳುಗಳು. ನಮ್ಮ ಮನೆಯಲ್ಲಿ, ಹಪ್ಪಳ ಸಂಡಿಗೆಯ ಡಬ್ಬಿ ಇಡುತ್ತಿದ್ದ ಉಗ್ರಾಣವನ್ನು ಖಾಲಿ ಮಾಡಿ ಹಾಕಿದ ಒಂದು ಕುರ್ಚಿ, ಒಂದು ಪರದೆ, ಒಂದು ಜೊತೆ ಕೈಗವಸು. ಗವಸಿನಲ್ಲಿ ಬೆರಳು ಆಡಿಸಿದರೆ ಇನ್ನೂರು ಕಿಲೋಮೀಟರ್ ಆಚೆ ತೋಳು ಆಡುತ್ತದೆ. ತೋಳಿಗೆ ತಗುಲಿದ್ದು ನನ್ನ ಬೆರಳಿಗೂ ತಗುಲುತ್ತದೆ. ಯಕೃತ್ತಿನ ನುಣುಪು, ನರದ ಎಳೆತ, ಬಡಿಯುವ ರಕ್ತನಾಳ ಎಲ್ಲವೂ. ಹೊತ್ತು ಮುಗಿದಾಗ ಕೈ ತೆಗೆದರೆ ತೋಳುಗಳು ಹಿಡಿದದ್ದನ್ನು ಹಿಡಿದ ಹಾಗೇ, ಅಷ್ಟೇ ಬಿಗಿಯಲ್ಲಿ ನಿಂತುಬಿಡುತ್ತವೆ. ಮುಂದಿನ ಪಾಳಿಯವರು ತಮ್ಮ ಮನೆಯಲ್ಲಿ ಗವಸು ತೊಟ್ಟ ಕೂಡಲೇ ಅದು ಅವರ ಬೆರಳುಗಳನ್ನು ಮೆಲ್ಲಗೆ ಬಾಗಿಸಿ, ನಾನು ಎಲ್ಲಿ ಹೇಗೆ ಹಿಡಿದಿದ್ದೆನೋ ಹಾಗೆಯೇ ಹಿಡಿಸುತ್ತದೆ. ಒಂದು ಪಾಳಿ ಹೆಚ್ಚೆಂದರೆ ಒಂದು ಗಂಟೆ. ಯಾವ ಹೊತ್ತು ಬೇಕೋ ನಾವೇ ಆರಿಸಿಕೊಳ್ಳಬಹುದು. ನನ್ನ ಹೆಂಡತಿ ಉಗ್ರಾಣದಾಗ ಕೂತು ಊರಮಂದಿ ಹೊಟ್ಟಿ ಕೊಯ್ತಾಳ ಎಂದು ವೀರೇಶ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಅವನಿಗೆ ಹೆಮ್ಮೆ, ನನಗೆ ಮರುಹುಟ್ಟು.

ಯಂತ್ರದಲ್ಲಿ ಒಂದೇ ಕೊರತೆ ಇತ್ತು. ಅದು ಹಿಡಿತವನ್ನು ಒಪ್ಪಿಸುತ್ತಿತ್ತು, ನೆನಪನ್ನು ಒಪ್ಪಿಸುತ್ತಿರಲಿಲ್ಲ. ಈಗ ಬೆರಳಿಗೆ ಏನು ತಗುಲುತ್ತಿದೆಯೋ ಅದು ಮುಂದಿನವರಿಗೆ ಸಿಗುತ್ತಿತ್ತು. ಇಪ್ಪತ್ತು ನಿಮಿಷದ ಹಿಂದೆ ಬೆರಳಿಗೆ ಅನ್ನಿಸಿದ್ದು ಸಿಗುತ್ತಿರಲಿಲ್ಲ. ಅದಕ್ಕೆ ಮದ್ದು ಹುಡುಕಲು ಸಮಿತಿ ಮಾಡಿದಾಗ ನಾನು ಎದ್ದು ನಿಂತು, ಕೈ ಬಿಡುವವರು ಬಾಯಿಬಿಟ್ಟು ಮೂರು ಮಾತು ಹೇಳಲಿ ಎಂದೆ. ಮಾಡಿದ್ದು, ಹಿಡಿದಿದ್ದು, ಅಂಜಿದ್ದು. ನಾನು ಏನು ಮಾಡಿ ಮುಗಿಸಿದೆ, ಈಗ ಏನನ್ನು ಹಿಡಿದಿದ್ದೇನೆ, ನನಗೆ ಎಲ್ಲಿ ಅಂಜಿಕೆಯಿದೆ. ಮೂರನೆಯದಕ್ಕೆ ಪುರಾವೆ ಬೇಡ, ಬೆರಳಿಗೆ ಅನ್ನಿಸಿದರೆ ಸಾಕು. ಅಂಜಿಕೆ ಇದೆ ಎಂದ ಕೂಡಲೇ ಇಬ್ಬರೂ ಕೂಡಿ ಹದಿನೈದು ನಿಮಿಷ ಅದೇ ಜಾಗವನ್ನು ತಡಕಿ ನೋಡಬೇಕು, ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸರದಿ ಕೇಂದ್ರದ ಮುಖ್ಯಸ್ಥ ಡಾ. ಸಂಕಣ್ಣವರ ಅದನ್ನು ನಿಯಮವನ್ನಾಗಿ ಮಾಡಿದರು.

ಮೊದಲ ವರ್ಷ ಐದು ಪಾಳಿಗೆ ಒಂದರಲ್ಲಾದರೂ ಯಾರಾದರೂ ಅಂಜಿಕೆ ಹೇಳುತ್ತಿದ್ದರು. ಹೇಳಿದವರಿಗೆ ಏನಾಗುತ್ತಿತ್ತು ಎಂದರೆ, ಹದಿನೈದು ನಿಮಿಷ ತಡವಾಗುತ್ತಿತ್ತು. ಒಬ್ಬಳ ಹಾಲು ಒಲೆಯ ಮೇಲೆ, ಒಬ್ಬಳ ಕೂಸು ಪಕ್ಕದ ಮನೆಯಲ್ಲಿ, ಒಬ್ಬಳ ಅತ್ತೆ ಡಯಾಲಿಸಿಸ್‌ಗೆ ಹೊರಟು ಬಾಗಿಲಲ್ಲಿ. ಪಾಳಿ ಆರಿಸಿಕೊಳ್ಳುವುದೇ ಅಂಥ ಹೊತ್ತುಗಳ ನಡುವೆ ತೂರಿಸಿಕೊಂಡು. ಎದುರಿಗೆ ಕಾಯುವವಳಿಗೂ ಅದೇ ಗೋಳು. ಯಾರೂ ಯಾರಿಗೂ ಕಲಿಸಿಕೊಡಲಿಲ್ಲ. ಆದರೆ ಎರಡನೆಯ ವರ್ಷಕ್ಕೆ, ತೀರ ದೊಡ್ಡದಿದ್ದರೆ ಮಾತ್ರ ಹೇಳು ಎಂಬುದು ರೂಢಿಯಾಯಿತು. ನಾಲ್ಕನೆಯ ವರ್ಷಕ್ಕೆ ಮಾಡಿದ್ದು, ಹಿಡಿದಿದ್ದು, ಅಂಜಿಕೆ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿ ಎದ್ದುಬಿಡುತ್ತಿದ್ದೆವು. ನಿಯಂತ್ರಣ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಲೆಕ್ಕ ಬರುತ್ತಿತ್ತು: ಇನ್ನೂರು ಪಾಳಿಗೆ ಒಂದು ಅಂಜಿಕೆ. ಯೋಜನೆ ಪಳಗಿತು ಎಂದು ಸಂಕಣ್ಣವರ ಆ ದಿನ ಮೈಸೂರುಪಾಕು ಹಂಚಿಸಿದರು. ನಾನು ಎರಡು ತುಂಡು ತಿಂದೆ, ಇಂಪನಾಳಿಗೆ ಒಂದು ಕಟ್ಟಿಕೊಂಡು ಬಂದೆ.

ಮೂರು ಮಾತು ನಮ್ಮ ಮನೆಗೂ ಬಂದಿತ್ತು. ವೀರೇಶ ಡ್ಯೂಟಿಗೆ ಹೊರಡುವಾಗ ಮಗಳನ್ನು ನನಗೆ ಒಪ್ಪಿಸುತ್ತ, ಹಲ್ಲು ತಿಕ್ಕಿಸಿದ್ದೇನೆ, ಗಣಿತದ ಪುಸ್ತಕ ಕೈಯಲ್ಲಿದೆ, ಕೆಮ್ಮಿನ ಅಂಜಿಕೆ ಇದೆ ಎಂದು ತಮಾಷೆಗೆ ಹೇಳುತ್ತಿದ್ದ. ಅದನ್ನು ಕೇಳಿ ಕೇಳಿ ಇಂಪನಾ ತಾನೇ ಹೇಳಲು ಕಲಿತಳು. ಎಂಟು ಗಂಟೆಗೆ ಶಾಲೆಯ ಗೇಟಿನಲ್ಲಿ ಬಿಡುವಾಗ ಸೆಟೆದು ನಿಂತು, ತಿಂಡಿ ತಿಂದೇನಿ, ಚೀಲ ಹಿಡದೇನಿ, ಅಂಜಿಕಿ ಇಲ್ಲ ಅನ್ನುತ್ತಿದ್ದಳು. ಶಾಲೆ ಶುರುವಾಗುವುದು ಒಂಬತ್ತಕ್ಕೆ. ನನ್ನ ಬೆಳಗಿನ ಪಾಳಿ ಎಂಟೂಕಾಲಕ್ಕೆ. ಮಗಳು ಗಟ್ಟಿಗಿತ್ತಿ ಎಂದು ನನಗೆ ಒಳಗೊಳಗೇ ಜಂಬ.

ಒಂದು ಸಲ ಮಾತ್ರ ಅವಳು ಗಟ್ಟಿಗಿತ್ತಿಯಾಗಿ ಉಳಿದಿರಲಿಲ್ಲ. ಹಿಂದಿನ ವರ್ಷ ಮುಂದಿನವರು ಬಾರದೆ ನನ್ನದೊಂದು ಪಾಳಿ ಬೆಳೆದು, ವೀರೇಶನೂ ಊರಲ್ಲಿಲ್ಲದೆ, ಸಂಜೆ ಐದೂವರೆಯವರೆಗೆ ಅವಳು ಶಾಲೆಯ ಕಾವಲುಗಾರನ ಕೋಣೆಯಲ್ಲಿ ಕೂತಿರಬೇಕಾಯಿತು. ನಾನು ಹೋದಾಗ ಅಳುತ್ತಿರಲಿಲ್ಲ. ಎರಡು ದಿನ ಒಂದು ಮಾತನ್ನೂ ಆಡಲಿಲ್ಲ. ಇನ್ನು ಯಾವತ್ತೂ ಹಾಗಾಗುವುದಿಲ್ಲ ಎಂದು ಅವಳ ತಲೆ ಮುಟ್ಟಿ ಹೇಳಿದ್ದೆ.

ಈಗ ಆ ಬುಧವಾರದ ಮಾತು.

ಕಾಲುವೆ ಸೀಮೆಯ ಒಂದು ಸಣ್ಣ ಊರಿನ ಆಸ್ಪತ್ರೆ. ಮೇಜಿನ ಮೇಲೆ ಶಿವಲೀಲಾ ಎಂಬ ಮೂವತ್ತೆಂಟು ವರ್ಷದ ಹೆಂಗಸು. ಅಂಗನವಾಡಿಯ ಟೀಚರು, ಇಬ್ಬರು ಹೆಣ್ಣುಮಕ್ಕಳ ತಾಯಿ. ಎಡಗಡೆಯ ಮೂತ್ರಪಿಂಡದಲ್ಲಿ ಗಡ್ಡೆ, ಬೇಗ ಸಿಕ್ಕಿತ್ತು, ಆ ಮೂತ್ರಪಿಂಡ ತೆಗೆದರೆ ಪೂರ್ತಿ ಗುಣವಾಗುವಂಥದ್ದು. ಮೊದಲ ಪಾಳಿಯವರು ದಾರಿ ಮಾಡಿ ಕೊಟ್ಟಿದ್ದರು. ಎರಡನೆಯದು ನನ್ನದು, ಎರಡೂಕಾಲರಿಂದ ಮೂರೂಕಾಲರವರೆಗೆ. ಮೂತ್ರಪಿಂಡಕ್ಕೆ ಹೋಗುವ ದೊಡ್ಡ ರಕ್ತನಾಳವನ್ನು ಕ್ಲಿಪ್ ಹಾಕಿ ಮುಚ್ಚಿ ಕತ್ತರಿಸುವುದು ನನ್ನ ಕೆಲಸ. ಆಮೇಲೆ ವಿಜಯಪುರದಿಂದ ಡಾ. ಫರ್ಹಾನಾ ಮುಲ್ಲಾ ಬಂದು ಮೂತ್ರಪಿಂಡವನ್ನು ಬಿಡಿಸಿ ಹೊರಗೆ ತೆಗೆಯಬೇಕು. ಫರ್ಹಾನಾಗೆ ಮೂವತ್ತೊಂದು ವರ್ಷ, ಹನ್ನೊಂದು ತಿಂಗಳ ಕೂಸಿನ ತಾಯಿ. ನಾನೇ ಅವಳನ್ನು ಸರದಿಗೆ ಸೇರಿಸಿದ್ದೆ.

ಮೂರು ಗಂಟೆಗೆ ಹತ್ತು ನಿಮಿಷವಿದ್ದಾಗ ಪರದೆಯ ಮೂಲೆಯಲ್ಲಿ ವೀರೇಶನ ಸಂದೇಶ ಮೂಡಿತು. ಗಾಡಿ ಘಟ್ಟದಲ್ಲಿ ನಿಂತಿದೆ, ಹಸಿರು ಸಿಗ್ನಲ್ ಸಿಕ್ಕಿಲ್ಲ, ಇಂಪನಾಳನ್ನು ಕರೆತರಲು ಆಗುವುದಿಲ್ಲ, ನೀನೇ ಹೋಗು. ಶಾಲೆ ಬಿಡುವುದು ಮೂರೂವರೆಗೆ. ಸ್ಕೂಟರಿನಲ್ಲಿ ಹನ್ನೆರಡು ನಿಮಿಷ. ಮೂರೂಕಾಲಕ್ಕೆ ಎದ್ದರೆ ಸರಿಯಾಗಿ ಮುಟ್ಟುತ್ತೇನೆ ಎಂದು ಲೆಕ್ಕ ಹಾಕಿಕೊಂಡೆ.

ದೇಹದ ಕಡೆ ಎರಡು ಕ್ಲಿಪ್, ಮೂತ್ರಪಿಂಡದ ಕಡೆ ಒಂದು, ನಡುವೆ ಕತ್ತರಿ. ಇದೇ ಕ್ರಮ. ದೇಹದ ಕಡೆಯ ಮೊದಲನೆಯದು ಚೆನ್ನಾಗಿ ಕೂತಿತು. ಎರಡನೆಯದನ್ನು ಒತ್ತಿದಾಗ ಅದು ಮೊದಲನೆಯದರ ಅಂಚಿನ ಮೇಲೆ ಹತ್ತಿ ಕೂತ ಹಾಗೆ ಬೆರಳಿಗೆ ಅನ್ನಿಸಿತು. ಬಳೆಯ ಮೇಲೆ ಬಳೆ ಸಿಕ್ಕಿಕೊಂಡಂತೆ, ಅಷ್ಟೇ. ಹಾಗೆ ಹತ್ತಿ ಕೂತರೆ ಎರಡನೆಯದು ಮುಚ್ಚುವುದಿಲ್ಲ, ಮೊದಲನೆಯದನ್ನೂ ಸಡಿಲ ಮಾಡುತ್ತದೆ. ಪರದೆಯಲ್ಲಿ ನೋಡಿದೆ, ಎರಡೂ ಸರಿಯಾಗಿ ಕೂತ ಹಾಗೆಯೇ ಕಾಣುತ್ತಿತ್ತು. ಕತ್ತರಿಸಿದೆ. ಒಂದು ಹನಿ ರಕ್ತ ಬರಲಿಲ್ಲ. ಆ ಎರಡಕ್ಕಿಂತ ಒಳಗೆ, ನಾಳದ ಬುಡದಲ್ಲಿ ಇನ್ನೊಂದು ಕ್ಲಿಪ್ ಹಾಕಿಬಿಡಬೇಕು ಎಂದುಕೊಂಡೆ. ಅದಕ್ಕೆ ಸುತ್ತಲಿನ ಕೊಬ್ಬು ಬಿಡಿಸಬೇಕು, ಏಳೆಂಟು ನಿಮಿಷವಾದರೂ ಬೇಕು. ಗಡಿಯಾರ ನೋಡಿದೆ. ಮೂರು ಹದಿನಾಲ್ಕು.

ಫರ್ಹಾನಾ ಆಗಲೇ ಬಂದು ಕಾಯುತ್ತಿದ್ದಳು. ಹಿಂದೆ ಕೂಸು ಕೇಕೆ ಹಾಕುವುದು ಕೇಳುತ್ತಿತ್ತು. ಹೇಳ್ರಿ ಮೇಡಂ ಅಂದಳು. ರಕ್ತನಾಳ ಮುಚ್ಚಿ ಕತ್ತರಿಸಿದ್ದೇನೆ, ಮೂತ್ರಪಿಂಡದ ಕೆಳಗಿನ ತುದಿ ಹಿಡಿದಿದ್ದೇನೆ ಅಂದೆ. ಮೂರನೆಯ ಮಾತು ಉಳಿದಿತ್ತು. ಅಂಜಿಕೆ ಇದೆ ಎಂದಿದ್ದರೆ ಮೂರೂವರೆಗೆ ಏಳುತ್ತಿದ್ದೆ, ಶಾಲೆ ಮುಟ್ಟುವಾಗ ಮೂರು ಮುಕ್ಕಾಲು. ಇಂಪನಾ ಕಾವಲುಗಾರನ ಕೋಣೆಯಲ್ಲಿ ಹದಿನೈದು ನಿಮಿಷ ಕೂತಿರುತ್ತಿದ್ದಳು. ಇದಿಷ್ಟೇ ನನ್ನ ತಕ್ಕಡಿಯಲ್ಲಿ ಇದ್ದದ್ದು.

"ಅಂಜಿಕೆ ಇಲ್ಲ," ಎಂದು ಹೇಳಿ ಕೈ ತೆಗೆದೆ.

ಮೂರು ಇಪ್ಪತ್ತೊಂಬತ್ತಕ್ಕೆ ಗೇಟಿನಲ್ಲಿದ್ದೆ. ಇಂಪನಾ ಓಡಿ ಬಂದು ಸೊಂಟಕ್ಕೆ ಆತುಕೊಂಡಳು. ಬರುವ ದಾರಿಯಲ್ಲಿ ಗಿರಮಿಟ್ ಕೊಡಿಸಿದೆ. ತಳ್ಳುಗಾಡಿಯ ಪಕ್ಕ ನಿಂತು ತಿಂದೆವು, ಮೆಣಸಿನಕಾಯಿ ನನಗೆ, ಪುಟಾಣಿ ಹಿಟ್ಟು ಅಂಟಿದ ಚುರುಮುರಿ ಅವಳಿಗೆ. ಶಾಲೆಯಲ್ಲಿ ಯಾರೋ ಜಾರಿಬಿದ್ದ ಕಥೆ ಹೇಳಿ ನಗಿಸಿದಳು. ಆಮೇಲೆ ಹೊತ್ತನ್ನು ಕೂಡಿಸಿ ನೋಡಿದಾಗ ಗೊತ್ತಾಯಿತು, ಶಿವಲೀಲಾ ಸತ್ತದ್ದು ನಾವು ಆ ಗಾಡಿಯ ಪಕ್ಕ ನಿಂತಿದ್ದಾಗ.

ಮೂರು ನಲವತ್ತೈದಕ್ಕೆ ಫರ್ಹಾನಾ ಮೂತ್ರಪಿಂಡವನ್ನು ಎತ್ತಿದ್ದಾಳೆ. ಎಷ್ಟು ಎತ್ತಬೇಕೋ ಅಷ್ಟೇ. ಸುತ್ತಲಿನ ಕೊಬ್ಬು ಎಳೆದು ಎರಡೂ ಕ್ಲಿಪ್ ಒಟ್ಟಿಗೆ ಜಾರಿವೆ. ಪರದೆ ತುಂಬ ರಕ್ತ, ಏನೂ ಕಾಣುವುದಿಲ್ಲ. ಮೇಜಿನ ಪಕ್ಕ ಇದ್ದ ಡಾಕ್ಟರು ಹೊಟ್ಟೆ ಕೊಯ್ದು ಕೈಯಿಂದ ಒತ್ತಿ ಹಿಡಿಯುವಷ್ಟರಲ್ಲಿ ಏಳು ನಿಮಿಷ ಕಳೆದಿತ್ತು. ಫರ್ಹಾನಾ ವಿಜಯಪುರದ ತನ್ನ ಮನೆಯಲ್ಲಿ, ಗವಸಿನೊಳಗೆ ಕೈ ಇಟ್ಟುಕೊಂಡೇ, ಆ ನಾಡಿ ನಿಲ್ಲುವುದನ್ನು ಬೆರಳಿನಲ್ಲಿ ಕೇಳಿದಳು. ಗವಸು ಅದನ್ನೂ ತಿಳಿಸುತ್ತದೆ.

ಎರಡು ದಿನದ ಮೇಲೆ ಅವಳು ಫೋನ್ ಮಾಡಿದಳು. ಅಳಲಿಲ್ಲ, ಒಂದೇ ಪ್ರಶ್ನೆ ಕೇಳಿದಳು.

"ಮೇಡಂ, ನಾ ಜೋರ ಎಳದಿಲ್ರಿ. ನಿಮಗ ಆ ಕ್ಲಿಪ್ ಹಾಕುವಾಗ ಏನರ ಅನ್ನಿಸಿತ್ತೇನ್ರಿ?"

ನಾನು ಇಲ್ಲ ಅಂದೆ. ಮೊದಲನೆಯ ಸಲ ಅವಸರದಲ್ಲಿ ಹೇಳಿದ್ದೆ. ಎರಡನೆಯ ಸಲ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು ಹೇಳಿದೆ. ಅವಳು, ಹಂಗಾರ ನನ್ನ ಕೈದ ತಪ್ಪ ಇರಬೇಕ್ರಿ ಎಂದು ಫೋನ್ ಇಟ್ಟಳು.

ಸರದಿಯಲ್ಲಿ ಒಂದು ನಿಯಮವಿದೆ: ಯಾರ ಕೈ ಒಳಗಿದೆಯೋ ಅವರದೇ ಹೊಣೆ. ಅಂಜಿಕೆ ಇಲ್ಲ ಎಂದು ಮುಗಿಸಿದ ಪಾಳಿ ಮುಗಿದ ಪಾಳಿ, ಅದನ್ನು ಕೆದಕುವಂತಿಲ್ಲ. ನನ್ನ ಬೆರಳು ಆ ಕ್ಲಿಪ್ಪಿನ ಮೇಲೆ ಒಂದೂವರೆ ಸೆಕೆಂಡು ತಡೆದದ್ದು ಯಂತ್ರದ ಸ್ಪರ್ಶ ದಾಖಲೆಯಲ್ಲಿ ಇದ್ದೇ ಇತ್ತು. ಆದರೆ ಅದನ್ನು ತೆಗೆದು ನೋಡಬೇಕಾದರೆ ಯಾರಿಗಾದರೂ ಅನುಮಾನ ಬರಬೇಕು. ಅನುಮಾನ ಬರಬೇಕಾದ ಜಾಗದಲ್ಲಿ ನನ್ನದೇ ದನಿಯಲ್ಲಿ ಅಂಜಿಕೆ ಇಲ್ಲ ಎಂದು ದಾಖಲಾಗಿತ್ತು. ವಿಚಾರಣೆ ಎಂದರೆ ಉಳಿದದ್ದು ಒಂದೇ ಹಾಳೆ: ಕೈ ಒಪ್ಪಿಸಿದ್ದು ಸರಿಯಾಗಿತ್ತು ಎಂದು ನಾನು ಸಹಿ ಮಾಡಬೇಕು. ಸಹಿಯಾದರೆ ಫರ್ಹಾನಾಳ ಪರವಾನಗಿ ರದ್ದು. ಅವಳು ಇನ್ನು ಒಂದು ಹುಣ್ಣನ್ನೂ ಕೊಯ್ಯುವಂತಿಲ್ಲ.

ಮುಂದಿನ ವಾರ ಸಂಕಣ್ಣವರ ನನ್ನನ್ನು ನಿಯಂತ್ರಣ ಕೋಣೆಗೆ ಕರೆಸಿದರು. ಅರವತ್ತು ಪರದೆಗಳಲ್ಲಿ ಅರವತ್ತು ಹೊಟ್ಟೆಗಳು, ಅರವತ್ತು ಮನೆಗಳಲ್ಲಿ ಕೂತ ಕೈಗಳು. ಅವರು ಕೆಟ್ಟವರಲ್ಲ. ಮುನ್ನೂರ ಹತ್ತು ಹೆಣ್ಣುಮಕ್ಕಳು ಈ ಯೋಜನೆಯ ಮೇಲೆ ನಿಂತಿದ್ದಾರೆ, ಒಬ್ಬಳ ಕೈ ಜಾರಿತು ಎಂದರೆ ಒಬ್ಬಳು ಹೋಗುತ್ತಾಳೆ, ಕ್ರಮವೇ ಜಾರಿತು ಎಂದರೆ ಎಲ್ಲರೂ ಹೋಗುತ್ತಾರೆ ಎಂದು ತಾಳ್ಮೆಯಿಂದ ವಿವರಿಸಿದರು. ನಾನು ತಲೆ ಆಡಿಸಿದೆ. ಅವರಿಗೆ ನನ್ನ ಬೆರಳಿನ ವಿಷಯ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅವರು ಕೇಳಲಿಲ್ಲ.

ಹೊರಗಿನ ಬೆಂಚಿನ ಮೇಲೆ ಶಿವಲೀಲಾಳ ಗಂಡ ಕೂತಿದ್ದ. ದೊಡ್ಡಬಸಪ್ಪ, ಕಾಲುವೆಯ ತೂಬು ಏರಿಸಿ ಇಳಿಸುವ ಕೆಲಸದವನು. ಐದು ದಿನದಿಂದ ದಿನಾ ಬರುತ್ತಿದ್ದಾನೆ, ಪರಿಹಾರದ ಮಾತೆತ್ತಿದರೆ ಕೈ ಆಡಿಸಿಬಿಡುತ್ತಾನೆ ಎಂದು ಜವಾನ ಹೇಳಿದ. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಡಾಕ್ಟರ ಹೆಸರು ಎಂಬಲ್ಲಿ ನಾಲ್ಕು ಹೆಸರಿದ್ದವು. ಅವನು ಹೋಗಿಬರುವವರಿಗೆಲ್ಲ ಆ ಕಾಗದ ತೋರಿಸಿ, ಇದರಾಗ ಯಾರ ಕೈಯಾಗ ಹೋದ್ಲು ಅಂತ ಒಂದ ಹೆಸರ ಹೇಳ್ರಿ, ಮಕ್ಕಳು ಕೇಳ್ತಾವ ಎನ್ನುತ್ತಿದ್ದ. ನನಗೂ ತೋರಿಸಿದ. ಎರಡನೆಯ ಹೆಸರು ನನ್ನದು. ಸೋಮವಾರದ ವಿಚಾರಣೆಯಲ್ಲಿ ಹೇಳುತ್ತಾರೆ ಎಂದು ಹೇಳಿ ಮೆಟ್ಟಿಲಿಳಿದೆ.

ಮನೆಯಲ್ಲಿ ವೀರೇಶನಿಗೆ ಎಲ್ಲ ಹೇಳಿದೆ. ಅವನು ರೊಟ್ಟಿ ತಟ್ಟುತ್ತಿದ್ದ, ಕೈ ನಿಲ್ಲಿಸಲಿಲ್ಲ. ನಮ್ಮಾಗ ಬ್ರೇಕಿನ ಮ್ಯಾಲೆ ಅನುಮಾನ ಬಂದ್ರ ಗಾಡಿನ ಬಿಡೂದಿಲ್ಲ ಅಂದ. ಆಮೇಲೆ ತನಗೆ ತಾನೇ ಎಂಬಂತೆ, ಆ ಸಂದೇಶ ಕಳಿಸಿದವನು ನಾನೇ ಅಲ್ಲವೇ ಅಂದ. ಸಹಿ ಮಾಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನು ಮಾಡುತ್ತೇನೆ ಎಂದೇ ತೀರ್ಮಾನಿಸಿದ್ದೆ. ಮುನ್ನೂರ ಹತ್ತು ಜನರ ಹೆಸರು ಹೇಳಿಕೊಂಡು ನನ್ನನ್ನು ನಾನು ಉಳಿಸಿಕೊಳ್ಳುತ್ತಿದ್ದೆ. ಮತ್ತೆ ಬದನೆಕಾಯಿ ಹೆಚ್ಚಲು ನನಗೆ ಇಷ್ಟವಿರಲಿಲ್ಲ.

ಸೋಮವಾರ ರೂಢಿಯಂತೆ ಎಂಟು ಗಂಟೆಗೆ ಇಂಪನಾಳನ್ನು ಶಾಲೆಯ ಗೇಟಿನಲ್ಲಿ ಇಳಿಸಿದೆ. ಅವಳು ಸೆಟೆದು ನಿಂತು, ತಿಂಡಿ ತಿಂದೇನಿ, ಚೀಲ ಹಿಡದೇನಿ ಅಂದಳು. ಆ ದಿನ ಪಾಳಿ ಇರಲಿಲ್ಲ, ವಿಚಾರಣೆ ಹನ್ನೊಂದಕ್ಕೆ. ಅವಸರವಿಲ್ಲದ್ದರಿಂದ ಅವಳ ಕೈಯನ್ನು ಸುಮ್ಮನೆ ಹಿಡಿದುಕೊಂಡೇ ಇದ್ದೆ. ಅಂಗೈ ಗಡುಸಾಗಿತ್ತು. ಬೆರಳ ಬುಡದಲ್ಲಿ ಸಾಲಾಗಿ ದಡ್ಡು, ಮಣಿಕಟ್ಟಿನ ಹತ್ತಿರ ತರಚಿ ಒಣಗಿದ ಗೆರೆಗಳು, ಹಳೆಯವು, ಹೊಸವು. ಏಳು ವರ್ಷದ ಮಗುವಿನ ಕೈ ಅಲ್ಲ ಅದು. ಇನ್ನೂರು ಕಿಲೋಮೀಟರ್ ಆಚೆಯ ರಕ್ತನಾಳದ ಬಡಿತ ಎಣಿಸುವ ನನ್ನ ಬೆರಳಿಗೆ ಇದು ಎಷ್ಟು ದಿನದಿಂದ ಸಿಕ್ಕಿರಲಿಲ್ಲವೋ.

"ಅಂಜಿಕಿ ಇಲ್ಲ," ಎಂದು ಅವಳು ಮುಗಿಸಿ ಕೈ ಎಳೆದುಕೊಂಡಳು.

ನಾನು ಹೋಗುವಂತೆ ನಟಿಸಿ, ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಬೇಲಿಯ ಸಂದಿಯಿಂದ ನೋಡಿದೆ. ಅಂಗಳದಲ್ಲಿ ಒಬ್ಬರೂ ಇರಲಿಲ್ಲ, ಕಾವಲುಗಾರನ ಕೋಣೆಗೂ ಬೀಗ. ಕಟ್ಟಡದ ಹಿಂದಿನಿಂದ ನಾಲ್ಕು ನಾಯಿ ಬಂದವು. ಇಂಪನಾ ಓಡಲಿಲ್ಲ, ಓಡಬಾರದು ಎಂದು ಯಾವಾಗಲೋ ಕಲಿತಿದ್ದಳು. ಚೀಲವನ್ನು ಎದೆಗೆ ಅವಚಿಕೊಂಡು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಹೋಗಿ, ಸಿಮೆಂಟಿನ ನೀರಿನ ತೊಟ್ಟಿಯ ಅಂಚು ಹಿಡಿದು ಮೇಲೆ ಹತ್ತಿ ಕೂತಳು. ನಾಯಿಗಳು ಕೆಳಗೆ ಬೊಗಳುತ್ತಿದ್ದವು. ಅವಳು ಕಾಲು ಮಡಚಿಕೊಂಡು, ಚೀಲದಿಂದ ಪುಸ್ತಕ ತೆಗೆದು, ಓದುವುದಕ್ಕೆ ಶುರುಮಾಡಿದಳು.

ನಾನು ಕಲ್ಲು ಎತ್ತಿ ಓಡಿದೆ. ನಾಯಿಗಳು ಚದುರಿದವು. ಅವಳನ್ನು ಇಳಿಸಿಕೊಂಡು, ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಮಳೆಗಾಲದಿಂದ ಅಂದಳು. ಅದು ಫೆಬ್ರವರಿ. ಯಾಕೆ ಹೇಳಲಿಲ್ಲ, ಅಂಜಿಕೆ ಇಲ್ಲ ಎಂದು ದಿನಾ ಯಾಕೆ ಸುಳ್ಳು ಹೇಳಿದೆ ಎಂದು ಕೇಳುವಾಗ ನನ್ನ ದನಿ ಏರಿತ್ತು. ಅವಳು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

"ಹೇಳಿದ್ರ ನಿನಗ ತಡಾ ಆಗ್ತದಲ್ಲ ಮಮ್ಮಿ."

ಆ ಅಂಗಳದಲ್ಲೇ ಕೂತುಬಿಟ್ಟೆ. ಒಂಬತ್ತು ಗಂಟೆಯವರೆಗೆ ಅವಳನ್ನು ಮಡಿಲಿನಿಂದ ಇಳಿಸಲಿಲ್ಲ.

ಹನ್ನೊಂದಕ್ಕೆ ಹಾಳೆ ನನ್ನ ಮುಂದಿತ್ತು. ಮೇಜಿನ ಒಂದು ಕಡೆ ಸಂಕಣ್ಣವರ, ಇನ್ನಿಬ್ಬರು ಸಮಿತಿಯವರು. ಎದುರಿಗೆ ಫರ್ಹಾನಾ, ಕೂಸನ್ನು ತಾಯಿಯ ಹತ್ತಿರ ಬಿಟ್ಟು ಬೆಳಗಿನ ಬಸ್ಸಿಗೆ ಬಂದಿದ್ದಳು. ಮೂಲೆಯ ಕುರ್ಚಿಯಲ್ಲಿ ದೊಡ್ಡಬಸಪ್ಪ. ನಾನು ಪೆನ್ನು ಮುಟ್ಟಲಿಲ್ಲ. ನನ್ನ ಪಾಳಿಯ ಸ್ಪರ್ಶ ದಾಖಲೆ ತೆಗೆಯಿರಿ, ಮೂರು ಗಂಟೆ ಹದಿಮೂರು ನಿಮಿಷ ಎಂದೆ. ಸಂಕಣ್ಣವರ, ಮೇಡಂ ಬೇಡ ಎಂದು ಮೆಲ್ಲಗೆ ಹೇಳಿದರು. ನಾನು ಹೇಳುತ್ತ ಹೋದೆ. ಕ್ಲಿಪ್ ಹತ್ತಿ ಕೂತದ್ದು ಬೆರಳಿಗೆ ಗೊತ್ತಾಗಿತ್ತು. ಅಂಜಿಕೆ ಇತ್ತು. ಮಗಳನ್ನು ಕರೆತರಲು ಹೊತ್ತಾಗುತ್ತದೆ ಎಂದು ಇಲ್ಲ ಅಂದೆ. ಫರ್ಹಾನಾ ಕೇಳಿದಾಗಲೂ ಸುಳ್ಳು ಹೇಳಿದೆ. ಅವಳ ಕೈ ತಪ್ಪಲಿಲ್ಲ, ಅವಳು ನನ್ನ ಮಾತನ್ನು ನಂಬಿದಳು, ಅಷ್ಟೇ. ನಾನೊಬ್ಬಳೇ ಅಲ್ಲ, ಇದು ದಿನಾ ನಡೆಯುತ್ತಿದೆ, ಗೋಡೆಯ ಮೇಲಿನ ಆ ಲೆಕ್ಕವೇ ಸುಳ್ಳು ಎಂದೂ ಹೇಳಿದೆ.

ಫರ್ಹಾನಾ ನನ್ನನ್ನು ನೋಡಲಿಲ್ಲ. ಮೂಲೆಯಿಂದ ದೊಡ್ಡಬಸಪ್ಪ ಎದ್ದು ಬಂದು ಕಾಗದ ಬಿಚ್ಚಿ ಮೇಜಿನ ಮೇಲಿಟ್ಟ. ನಾನು ಎರಡನೆಯ ಹೆಸರಿನ ಮೇಲೆ ಬೆರಳಿಟ್ಟೆ.

"ನೀವು ಅದೊಂದು ಮಾತು ಹೇಳಿದ್ರ ಅಕಿ ಉಳೀತಿದ್ಲೇನ್ರಿ?" ಎಂದು ಕೇಳಿದ.

"ಉಳೀತಿದ್ರು."

"ಎಷ್ಟ ಹೊತ್ತಿನ ಕೆಲಸಿತ್ರಿ ಅದು?"

"ಹದಿನೈದು ನಿಮಿಷ," ಅಂದೆ.

ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಗೋಡೆಯ ಗಡಿಯಾರದ ಕಡೆ ತಿರುಗಿ ನಿಂತ. ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಹದಿನೈದು ನಿಮಿಷ ಎಂದರೆ ಎಷ್ಟು ಎಂದು ನೋಡುತ್ತಿದ್ದಾನೆ ಎಂದು ನನಗೆ ಆಮೇಲೆ ಹೊಳೆಯಿತು. ನಾವೆಲ್ಲರೂ ಅವನ ಜೊತೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ದೆವು. ಮುಳ್ಳು ಕಾಲು ಸುತ್ತು ಬಂದಾಗ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ.

ನನ್ನ ಪರವಾನಗಿ ರದ್ದಾಯಿತು. ಅದು ನ್ಯಾಯ. ಒಂದು ತಿಂಗಳು ಕಳೆಯುವಷ್ಟರಲ್ಲಿ ಸರದಿಯನ್ನೂ ನಿಲ್ಲಿಸಿದರು. ಮುನ್ನೂರ ಹತ್ತು ಉಗ್ರಾಣಗಳಿಂದ ಕುರ್ಚಿ, ಪರದೆ, ಗವಸುಗಳನ್ನು ಬಿಚ್ಚಿಕೊಂಡು ಹೋದರು. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ತೋಳುಗಳಿಗೆ ಬಟ್ಟೆ ಮುಚ್ಚಿದರು. ಅಲ್ಲಿಯ ರೋಗಿಗಳು ಈಗ ಮೊದಲಿನಂತೆ ದೊಡ್ಡ ಊರಿಗೆ ಬಸ್ ಹತ್ತುತ್ತಾರೆ, ಕೆಲವರು ಹತ್ತುವುದಿಲ್ಲ. ನನ್ನ ಗೆಳತಿಯರಲ್ಲಿ ಹಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಫರ್ಹಾನಾ ಒಂದೇ ಒಂದು ಸಂದೇಶ ಕಳಿಸಿದಳು: ನನ್ನ ಹೆಸರು ಉಳಿಸಿದ್ರಿ ಮೇಡಂ, ನನ್ನ ಕೆಲಸ ಉಳೀಲಿಲ್ಲ, ಶುಕ್ರಿಯಾ ಅನ್ನಲಿಕ್ಕೂ ಆಗವಲ್ದು, ಬೈಲಿಕ್ಕೂ ಆಗವಲ್ದು. ನಾನು ಉತ್ತರ ಬರೆದು ಅಳಿಸಿದೆ, ಬರೆದು ಅಳಿಸಿದೆ, ಕೊನೆಗೆ ಕಳಿಸಲಿಲ್ಲ.

ಉಗ್ರಾಣದಲ್ಲಿ ಮತ್ತೆ ಸಂಡಿಗೆಯ ಡಬ್ಬಿ ಬಂದಿವೆ.

ಈಗ ಇಂಪನಾಳನ್ನು ಶಾಲೆಗೆ ಬಿಡುವುದು ಒಂಬತ್ತಕ್ಕೆ, ಗೇಟಿನಲ್ಲಿ ಜನ ತುಂಬಿದ ಮೇಲೆ. ಅವಳು ಇಂದಿಗೂ ಸೆಟೆದು ನಿಂತು ಮೂರು ಮಾತು ಹೇಳುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ. ಮೂರನೆಯದನ್ನು ಹೇಳುವ ಮೊದಲು ಒಂದು ಸಲ ನನ್ನ ಕೈಗಡಿಯಾರ ನೋಡುತ್ತಾಳೆ. ನನಗೆ ಎಲ್ಲಿಗೂ ಹೋಗಬೇಕಿಲ್ಲ ಕಂದಾ, ಯಾವ ಪಾಳಿಯೂ ಇಲ್ಲ, ಏನಿದ್ದರೂ ಹೇಳು ಎನ್ನುತ್ತೇನೆ. ಅವಳು ನನ್ನ ಮುಖವನ್ನು ಪರೀಕ್ಷಿಸಿ ನೋಡಿ, ಅಂಜಿಕಿ ಇಲ್ಲ ಎಂದು ಹೇಳಿ ಒಳಗೆ ಹೋಗುತ್ತಾಳೆ. ನಾನು ನಂಬುವುದಿಲ್ಲ. ಕೈಗಡಿಯಾರವನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು, ಗೇಟಿನ ಹೊರಗೆ ಹದಿನೈದು ನಿಮಿಷ ನಿಂತಿರುತ್ತೇನೆ.